ಮನೆಯೂಟದ ಮಹಾತ್ಮೆ

ಕೊರೋನಾ ಕಾಲದ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕಿವಿಗೆ ಬೀಳುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ, ಮಹಿಳಾ ಸಮಾಜದ ವಾರ್ಷಿಕೋತ್ಸವದ ಭಾಷಣದಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ, ಎಲ್ಲೆಂದರಲ್ಲಿ. “ಏನೇ ಅನ್ನಿ, ಆ ಕೊರೋನಾ ಒಂದು ಉಪಕಾರ ಮಾಡ್ತು. ಹೋಟೆಲು, ಬೇಕರಿ, ಗಾಡಿ ತಿಂಡಿ ಎಲ್ಲ ಬಂದ್ ಆಗಿ ಜನ ಮತ್ತೆ ಮನೆಯೂಟಕ್ಕೆ ಮರಳಿದರು. ಅಜ್ಜಿ ಕಾಲದ ಅಡುಗೆ ಮತ್ತೆ ಬಂತು.” ಹೇಳುವವರ ಮುಖದಲ್ಲಿ ಹೋಳಿಗೆ ಉಂಡೆದ್ದ ತೃಪ್ತಿ. ಕೇಳುವವರು, ಅದರಲ್ಲೂ ಹೆಂಗಸರು, ತಲೆಯಾಡಿಸುತ್ತಾರೆ. ನಾನು ಮಾತ್ರ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಲೆಯಾಡಿಸಿಲ್ಲ. ಸಭ್ಯತೆಗೆ ಸುಮ್ಮನಿದ್ದೇನೆ, ಅಷ್ಟೆ. ಈಗ ಅದೂ ಸಾಕು ಅನ್ನಿಸಿದೆ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ವಾಕ್ಯ ಕಂಡರೆ ಕರ್ತೃಪದ ಹುಡುಕುವುದು ಹಳೆಯ ಚಾಳಿ. ಮೇಲಿನ ಮಾತಿನಲ್ಲಿ ಹುಡುಕಿ ನೋಡಿ. ಜನ ಮರಳಿದರು, ಅಡುಗೆ ಬಂತು. ಎಲ್ಲಿಂದ ಬಂತು? ಯಾರ ಕೈಯಿಂದ ಬಂತು? ಆ ಪದ ಎಲ್ಲೂ ಸಿಗುವುದಿಲ್ಲ. ನಮ್ಮ ಭಾಷೆಯೇ ಇದಕ್ಕೆ ಒಗ್ಗಿಹೋಗಿದೆ ಎನ್ನಿ. ಬೆಳಿಗ್ಗೆ ಎದುರಾದ ಗೆಳತಿಯನ್ನು ನಾವು “ಅಡುಗೆ ಮಾಡಿದಿರಾ?” ಎಂದು ಕೇಳುವುದು ಅಪರೂಪ, “ಅಡುಗೆ ಆಯ್ತಾ?” ಎನ್ನುತ್ತೇವೆ. ಬೆಳಗಾಯಿತು, ಮಳೆಯಾಯಿತು, ಅಡುಗೆಯಾಯಿತು. ಸೂರ್ಯ ತಾನಾಗಿ ಹುಟ್ಟುವ ಹಾಗೆ ಸಾರೂ ತಾನಾಗಿ ಕುದಿಯುತ್ತದೆ. ಇಷ್ಟು ಕಾಲ ನಾವೂ ಹಾಗೆಯೇ ಮಾತಾಡಿಕೊಂಡು ಬಂದದ್ದರಿಂದ, ಭಾಷಣಕಾರರು ಕರ್ತೃಪದ ನುಂಗಿದ್ದು ಯಾರಿಗೂ ತಿಳಿಯಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೋಟೆಲು ಮುಚ್ಚಿದ್ದು ತಪ್ಪು ಎಂಬುದು ನನ್ನ ವಾದವಲ್ಲ. ರೋಗದ ಭಯ ನಿಜವಾದದ್ದು. 2021ರ ಮೇ ತಿಂಗಳಲ್ಲಿ ನಮ್ಮ ಓಣಿಯ ಎರಡು ಮನೆಗಳಲ್ಲಿ ಸಾವಾಯಿತು. ಒಂದು ಮನೆಯಲ್ಲಿ ನಲವತ್ತು ದಾಟದ ಗಂಡಸು. ಅಂಥ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಒಳಗಿರಬೇಕಾಯಿತು, ಇದ್ದೆವು. ನನ್ನ ತಕರಾರು ಇರುವುದು ಬಾಗಿಲು ತೆಗೆದ ಮೇಲೆ ಕಟ್ಟಿದ ಕಥೆಯ ಮೇಲೆ.

ನಡೆದದ್ದು ಏನು ಎಂಬುದನ್ನು ನಮ್ಮ ಮನೆಯಿಂದಲೇ ಹೇಳುತ್ತೇನೆ, ಏಕೆಂದರೆ ಅದರ ಲೆಕ್ಕ ನನ್ನ ಬಳಿ ಇದೆ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಟೀವಿಯಲ್ಲಿ ಬಂದು 21 ದಿನ ಮನೆಯಲ್ಲೇ ಇರಿ ಎಂದರು. ಮರುದಿನ ಯುಗಾದಿ. ಇಪ್ಪತ್ತೊಂದು ದಿನ ಹೋಗಿ ಮೇ 3 ಆಯಿತು, ಮೇ 17 ಆಯಿತು, ಮೇ 31 ಆಯಿತು. ಒಟ್ಟು 68 ದಿನ. ಆಗ ದಾವಣಗೆರೆಯ ನಮ್ಮ ಮನೆಯಲ್ಲಿ ಮೂವರು ಇದ್ದೆವು: ನಾನು, ನನ್ನ ಗಂಡ, ಎಂಬತ್ತೆರಡು ವರ್ಷದ ನಮ್ಮ ಅತ್ತೆ. ಜನತಾ ಕರ್ಫ್ಯೂವಿನ ಮರುದಿನ ಬೆಂಗಳೂರಿನಿಂದ ಮಗ, ಸೊಸೆ, ಮೊಮ್ಮಗ ಕಾರಿನಲ್ಲಿ ಬಂದಿಳಿದರು. ಹಾಸ್ಟೆಲ್ ಖಾಲಿ ಮಾಡಿಸಿದರೆಂದು ಮೈದುನನ ಮಗ ಚೀಲ ಹೊತ್ತು ಬಂದ. ಏಳು ಜನ. ಬಂದದ್ದು ಸಂತೋಷವೇ, ಮಕ್ಕಳು ಕಣ್ಣೆದುರಿಗಿದ್ದರು ಎಂಬ ಸಮಾಧಾನ ಆ ದಿನಗಳಲ್ಲಿ ಎಷ್ಟು ದೊಡ್ಡದೆಂದು ಅನುಭವಿಸಿದವರಿಗೆ ಗೊತ್ತು. ಪಾತ್ರೆ ತೊಳೆಯಲು ಬರುವವಳನ್ನು ಮಾತ್ರ ಬರಬೇಡವೆಂದು ಎಲ್ಲ ಮನೆಯವರೂ ಹೇಳಿದರು, ನಾವೂ ಹೇಳಿದೆವು. ಸಂಬಳ ಕೊಟ್ಟೆವು. ಪಾತ್ರೆ ಉಳಿದವು.

ಹಾಲಿನ ಲೆಕ್ಕದ ಡೈರಿಯಲ್ಲಿ ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು ಬರೆಯುವುದು ನನ್ನ ಪದ್ಧತಿ. 2020ರ ಜನವರಿಯಲ್ಲಿ ಹಚ್ಚಿದ್ದು 45 ದಿನ ಬಂದಿತ್ತು. ಏಪ್ರಿಲಿನಲ್ಲಿ ಹಚ್ಚಿದ್ದು 17 ದಿನಕ್ಕೆ ಬುಸ್ ಎಂದಿತು. ಜನ ಮೂರರಿಂದ ಏಳಾದರು, ಸರಿ. ಆದರೂ ಲೆಕ್ಕ ತಾಳೆಯಾಗುವುದಿಲ್ಲ. ಯಾಕೆಂದು ನೋಡಲು ಒಂದು ದಿನ ಎಷ್ಟು ಸಲ ಒಲೆ ಹಚ್ಚಿದೆನೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ಹದಿನೇಳು ಗೀಟು. ಅತ್ತೆಗೆ ಐದೂವರೆಗೆ ಚಹಾ, ನಮಗೆ ಆರಕ್ಕೆ, ಮಗನಿಗೆ ಎದ್ದಾಗ, ಎಲ್ಲರಿಗೂ ಕಷಾಯ, ತಿಂಡಿ, ಮೊಮ್ಮಗನಿಗೆ ಬೇರೆ ತಿಂಡಿ, ಹನ್ನೊಂದಕ್ಕೆ ಮೀಟಿಂಗ್ ನಡುವೆ ಕಾಫಿ... ಹೀಗೆ. ಆಫೀಸು, ಕಾಲೇಜು, ಶಾಲೆ ಇರುವಾಗ ಹಸಿವಿಗೆ ಒಂದು ವೇಳಾಪಟ್ಟಿ ಇರುತ್ತದೆ. ಎಲ್ಲರೂ ಮನೆಯಲ್ಲಿ ಕೂತಾಗ ಹಸಿವಾಗದಿದ್ದರೂ ಬಾಯಿ ಏನೋ ಕೇಳುತ್ತದೆ. “ಏನಾದ್ರೂ ಇದೆಯಾ?” ಎಂಬುದು ಆ 68 ದಿನಗಳಲ್ಲಿ ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ. ಲಾಕ್‌ಡೌನಿನಲ್ಲಿ ಬದಲಾದ ಆಹಾರ ಪದ್ಧತಿ ಎಂದರೆ ಮೊದಲನೆಯದಾಗಿ ಇದು: ಹೊತ್ತು ಹೊತ್ತಿಗೆ ಉಣ್ಣುತ್ತಿದ್ದವರು ಹೊತ್ತಿಲ್ಲದೆ ಉಂಡರು. ಈ ಬದಲಾವಣೆಯನ್ನು ಯಾವ ಭಾಷಣಕಾರರೂ ಹೇಳುವುದಿಲ್ಲ.

ಕಷಾಯ ಎಂದೆನಲ್ಲ, ಅದರ ಕಥೆಯೂ ಇದೆ. ಆಯುಷ್ ಸಚಿವಾಲಯ ಆ ದಿನಗಳಲ್ಲಿ ಒಂದು ಸಲಹೆ ಹೊರಡಿಸಿತು. ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ದ್ರಾಕ್ಷಿ ಹಾಕಿ ಕಷಾಯ, 150 ಎಂ.ಎಲ್. ಬಿಸಿಹಾಲಿಗೆ ಅರ್ಧ ಚಮಚ ಅರಿಶಿನ. ಬೆಳಿಗ್ಗೆ 10 ಗ್ರಾಂ ಚ್ಯವನಪ್ರಾಶ. ಒಳ್ಳೆಯದೇ, ಬೇಡವೆನ್ನಲು ನಾನ್ಯಾರು. ಆದರೆ ಸಲಹೆ ಬಂದದ್ದು ಮನೆಯ ಎಲ್ಲರಿಗೂ, ಕುಟ್ಟಿ ಕುದಿಸಿ ಸೋಸಿದ್ದು ಒಬ್ಬಳು. ಮಗ ಸಂಜೆಗೆ ಬೇರೊಂದು ಕಷಾಯದ ವಿಡಿಯೋ ತೋರಿಸುತ್ತಿದ್ದ. ನಮ್ಮ ಯಜಮಾನರು ಅಮೃತಬಳ್ಳಿ ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು, ಬೆಕ್ಕು ಇಲಿ ಹಿಡಿದು ತಂದಿಟ್ಟು ಹೋದ ಹಾಗೆ. ಮುಂದಿನದು ನಿಮ್ಮ ಕೆಲಸ ಎಂಬಂತೆ.

ಆಮೇಲೆ ಗಂಡಸರು ಅಡುಗೆ ಮನೆಗೆ ಬಂದ ಪ್ರಸಂಗ. ಇದನ್ನು ಕೈಬಿಟ್ಟರೆ ಅನ್ಯಾಯವಾಗುತ್ತದೆ. ಕೊರಿಯಾ ದೇಶದಿಂದ ಡಲ್ಗೋನಾ ಎಂಬ ಕಾಫಿಯೊಂದು ಆ ಬೇಸಿಗೆಯಲ್ಲಿ ಎಲ್ಲರ ಫೋನಿಗೂ ಬಂದಿತ್ತು. ಇನ್‌ಸ್ಟಂಟ್ ಕಾಫಿಪುಡಿ, ಸಕ್ಕರೆ, ಬಿಸಿನೀರು ಸಮಸಮ ಹಾಕಿ ನೊರೆ ಏಳುವವರೆಗೆ ಕಲಕಬೇಕು. ನಾನೂರು ಸಲ ಎಂಬ ಲೆಕ್ಕವೂ ಇತ್ತು. ಮೈದುನನ ಮಗ ಅರ್ಧ ಗಂಟೆ ಕಲಕಿದ, ಫೋಟೋ ತೆಗೆದ, ಕುಡಿದ. ಅವನ ತೋಳು ನೋಯಿತೆಂದು ಮನೆಯವರೆಲ್ಲ ಮರುಗಿದರು. ಮುಂದಿನ ಭಾನುವಾರ ಮಗ ಪನೀರ್ ಮಸಾಲೆ ಮಾಡಿದ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಮೂವತ್ತಾರು ಜನ ಕೈಮುಗಿದರು. ನಾನು ಹನ್ನೊಂದು ಪಾತ್ರೆ ತೊಳೆದೆ. ಅಂದು ಬೆಳಿಗ್ಗೆ ಸೊಸೆ ಏಳು ಜನಕ್ಕೆ ಮಾಡಿದ ಮಂಡಕ್ಕಿ ಒಗ್ಗರಣೆಯ ಫೋಟೋವನ್ನು ಯಾರೂ ತೆಗೆಯಲಿಲ್ಲ. ಆ ಸೊಸೆಯೂ ಮಗನಷ್ಟೇ ಹೊತ್ತು ಕಂಪ್ಯೂಟರ್ ಮುಂದೆ ಕೂರುವವಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರಿಗೋ “ಯೆಸ್, ಯೆಸ್” ಎನ್ನುತ್ತ, ಮೊರದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮಗನ ಮೀಟಿಂಗಿಗೆ ಕೋಣೆ ಇತ್ತು, ಬಾಗಿಲೂ ಇತ್ತು.

ಇದು ನಿಮ್ಮ ಮನೆಯ ಜಗಳ, ಪುಸ್ತಕದಲ್ಲಿ ಯಾಕೆ ಎನ್ನುವವರಿಗಾಗಿ ಸರ್ಕಾರದ್ದೇ ಲೆಕ್ಕವಿದೆ. ಕೇಂದ್ರದ ಅಂಕಿಅಂಶ ಕಚೇರಿ 2019ರ ಜನವರಿಯಿಂದ ಡಿಸೆಂಬರ್‌ವರೆಗೆ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದವರು ನೂರಕ್ಕೆ 81.2 ಹೆಂಗಸರು, 26.1 ಗಂಡಸರು. ಕೈ ಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ವರದಿ ಹೊರಬಿದ್ದದ್ದು 2020ರ ಸೆಪ್ಟೆಂಬರಿನಲ್ಲಿ. ಅಂದರೆ ಇದು ಲಾಕ್‌ಡೌನಿಗೆ ಮುಂಚಿನ, ಹೋಟೆಲು ತೆರೆದಿದ್ದ, ಗಾಡಿ ತಿಂಡಿ ಸಿಗುತ್ತಿದ್ದ ಕಾಲದ ಲೆಕ್ಕ. ಹೆಂಗಸರು ಅಡುಗೆ ಮನೆಯನ್ನು ಬಿಟ್ಟು ಎಲ್ಲಿಗೋ ಹೋಗಿದ್ದರು, ಕೊರೋನಾ ಅವರನ್ನು ಕರೆತಂದಿತು ಎಂಬ ಕಥೆಗೆ ಈ ಅಂಕಿಯಲ್ಲಿ ಜಾಗವೇ ಇಲ್ಲ. ಐದು ಗಂಟೆಗೆ ಒಂದು ನಿಮಿಷ ಕಡಿಮೆ ಅಲ್ಲೇ ಇದ್ದವರು ಮರಳುವುದು ಎಲ್ಲಿಂದ?

ಇನ್ನು ಅಜ್ಜಿ ಕಾಲದ ಅಡುಗೆ. ನಮ್ಮ ಮನೆಯಲ್ಲಿ ಆ ಕಾಲದ ಅಜ್ಜಿಯೇ ಇದ್ದುದರಿಂದ ಮಗ ಒಂದು ದಿನ ಫೋನು ಹಿಡಿದು ಮುಂದೆ ಕೂತ. “ಅಜ್ಜಿ, ನಿಮ್ಮ ಕಾಲದಲ್ಲಿ ಏನೇನು ಅಡುಗೆ ಮಾಡ್ತಿದ್ರಿ ಹೇಳು, ರೆಕಾರ್ಡ್ ಮಾಡ್ತೀನಿ.” ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಏನು ಮಾಡಿದ್ವಿ ಅಂತ ಕೇಳ್ತೀಯಲ್ಲೋ, ಏನು ಉಂಡ್ವಿ ಅಂತ ಕೇಳು” ಎಂದರು. ಹದಿನಾರಕ್ಕೆ ಮದುವೆಯಾಗಿ ಹದಿನೆಂಟು ಜನರ ಮನೆಗೆ ಬಂದವರು. ಒಲೆಗೆ ಹತ್ತಿಕಟ್ಟಿಗೆ, ಬೆರಣಿ. ಮೊದಲು ಹೊಲಕ್ಕೆ ಹೋಗುವ ಗಂಡಸರು, ಆಮೇಲೆ ಆಳುಗಳು, ಆಮೇಲೆ ಮಕ್ಕಳು, ಅದರಲ್ಲೂ ಮೊದಲು ಗಂಡುಮಕ್ಕಳು, ಆಮೇಲೆ ಅತ್ತೆ, ನಾದಿನಿಯರು, ಕೊನೆಗೆ ಸೊಸೆಯಂದಿರು. ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ತಮ್ಮ ಪಾಲಿಗೆ ಬರುತ್ತಿದ್ದುದು ಬಾಣಲೆಗೆ ಅಂಟಿದ ಮಸಾಲೆ, ಅದಕ್ಕೆ ತಣ್ಣಗಾದ ರೊಟ್ಟಿ ಒರೆಸಿ ತಿನ್ನುವುದು. ಬರಗಾಲದ ವರ್ಷಗಳಲ್ಲಿ ರೇಷನ್ನಿಗೆ ಅಮೆರಿಕದ ಕೆಂಪು ಜೋಳ ಬಂದಾಗ, ಮನೆಯಲ್ಲಿದ್ದ ಬಿಳಿಜೋಳದ ರೊಟ್ಟಿ ಗಂಡಸರಿಗೆ, ಕೆಂಪು ಜೋಳದ್ದು ಹೆಂಗಸರಿಗೆ. ಮಗ ರೆಕಾರ್ಡಿಂಗ್ ನಿಲ್ಲಿಸಿದ್ದ. ಅವನಿಗೆ ಬೇಕಾಗಿದ್ದುದು ಹುರುಳಿ ಕಟ್ಟಿನ ಸಾರಿನ ವಿಧಾನ. ಅದನ್ನು ಆಮೇಲೆ ನಾನು ಹೇಳಿಕೊಟ್ಟೆ.

ಅಜ್ಜಿಯ ಸಾರನ್ನು ಹೊಗಳುವವರಿಗೆ ಅಜ್ಜಿಯ ತಟ್ಟೆ ಕಾಣುವುದಿಲ್ಲ. ಅದು ಕಂಡಿದ್ದರೆ ‘ಮನೆಯೂಟ’ ಎಂಬ ಪದವನ್ನು ಇಷ್ಟು ಸಲೀಸಾಗಿ ಬಳಸುತ್ತಿರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ನಮ್ಮ ರಾಜ್ಯದಲ್ಲಿ ನಡೆದದ್ದು 2019ರಲ್ಲಿ. 15ರಿಂದ 49 ವರ್ಷದ ಕರ್ನಾಟಕದ ಹೆಂಗಸರಲ್ಲಿ ರಕ್ತಹೀನತೆ ಇದ್ದವರು ಶೇಕಡಾ 47.8. ಇವರಲ್ಲಿ ಬಹುಪಾಲು ಮನೆಯಲ್ಲೇ ಉಣ್ಣುವವರು. ಇವರ ರಕ್ತವನ್ನು ಪೀಜಾ ಕುಡಿಯಲಿಲ್ಲ. ರಕ್ತಹೀನತೆಗೆ ಹತ್ತು ಕಾರಣ ಇರುತ್ತವೆ, ವೈದ್ಯರು ಹೇಳುತ್ತಾರೆ. ಆದರೆ ಎಲ್ಲರ ನಂತರ, ಉಳಿದದ್ದನ್ನು, ನಿಂತುಕೊಂಡೇ ಉಣ್ಣುವ ಪದ್ಧತಿ ಆ ಹತ್ತರಲ್ಲಿ ಒಂದು ಎಂಬುದಕ್ಕೆ ನನಗೆ ವೈದ್ಯರ ಸಾಕ್ಷಿ ಬೇಕಾಗಿಲ್ಲ.

ಇಲ್ಲಿಗೆ ಬಂದ ಮೇಲೆ ನನ್ನ ಮುಖ್ಯ ಮಾತು. ಹೊರಗಿನ ಊಟ ಎಂದ ಕೂಡಲೆ ನಮ್ಮ ಭಾಷಣಕಾರರಿಗೆ ನೆನಪಾಗುವುದು ಗೋಬಿ ಮಂಚೂರಿ, ಬರ್ಗರ್, ಕಾಲೇಜು ಹುಡುಗರು. ಆದರೆ ನಮ್ಮ ನಾಡಿನಲ್ಲಿ ಮನೆಯ ಹೊರಗೆ ಬೇಯುವ ಅತಿ ದೊಡ್ಡ ಅಡುಗೆಗಳಲ್ಲಿ ಎರಡು ಅಂಗನವಾಡಿಯದು ಮತ್ತು ಶಾಲೆಯದು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಎಂಬ ಯೋಜನೆ ರಾಜ್ಯದಾದ್ಯಂತ ಬಂತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಮಧ್ಯಾಹ್ನ ಅಲ್ಲೇ ಕೂತು ಬಿಸಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಉಣ್ಣುವ ಏರ್ಪಾಡು. ಇದಕ್ಕೆ ಎಷ್ಟು ಗೊಣಗಾಟ ಆಯಿತೆಂದು ನನ್ನ ವಿದ್ಯಾರ್ಥಿನಿಯೊಬ್ಬಳು, ಈಗ ಅಂಗನವಾಡಿ ಕಾರ್ಯಕರ್ತೆ, ಹೇಳುತ್ತಿದ್ದಳು. “ನಮ್ಮ ಸೊಸೆ ಅಲ್ಲಿ ಹೋಗಿ ಉಣ್ಣೋದು ಏನು ಚಂದ? ಸಾಮಾನು ಕೊಟ್ಟುಬಿಡ್ರಿ, ಮನೆಯಲ್ಲೇ ಮಾಡಿ ಹಾಕ್ತೀವಿ” ಎಂದು ಅತ್ತೆಯರು ಬಂದು ಕೇಳುತ್ತಿದ್ದರಂತೆ. ದೂರ ನಡೆಯಲಾಗದ ತುಂಬು ಬಸುರಿಯರ ಕಷ್ಟ ನಿಜವೇ. ಆದರೆ ಯೋಜನೆ ಮಾಡಿದವರ ಲೆಕ್ಕ ಸ್ಪಷ್ಟವಾಗಿತ್ತು: ಅಲ್ಲಿ ಕೂತು ಉಂಡ ಮೊಟ್ಟೆ ಅವಳ ಹೊಟ್ಟೆಗೆ ಹೋಗುತ್ತದೆ, ಮನೆಗೆ ಒಯ್ದ ಮೊಟ್ಟೆ ಮನೆಗೆ ಹೋಗುತ್ತದೆ.

ಲಾಕ್‌ಡೌನಿನಲ್ಲಿ ಅಂಗನವಾಡಿ ಮುಚ್ಚಿತು. ಬಿಸಿಯೂಟದ ಬದಲು ಅಕ್ಕಿ, ಬೇಳೆ, ಮೊಟ್ಟೆಗಳನ್ನು ಮನೆಗೆ ಮುಟ್ಟಿಸಿದರು. ಆ ಕಾರ್ಯಕರ್ತೆಯರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಾಗಿಲು ಬಾಗಿಲಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವರಿಗೆ ನಮಸ್ಕಾರ. ಆದರೆ ಕೂಲಿ ನಿಂತ ಮನೆಗೆ ಬಸುರಿಯ ಹೆಸರಿನಲ್ಲಿ ಬಂದ ಮೊಟ್ಟೆಯನ್ನು ಬಸುರಿಯೊಬ್ಬಳೇ ತಿಂದಾಳೆಯೇ? ಮಾವ ಮನೆಯಲ್ಲಿದ್ದಾನೆ, ಗಂಡ ಕೆಲಸವಿಲ್ಲದೆ ಕೂತಿದ್ದಾನೆ, ದೊಡ್ಡ ಮಗು ಸೆರಗು ಹಿಡಿದು ನಿಂತಿದೆ. ಅವಳಿಗೆ ತಾನೇ ತಿನ್ನಲು ಗಂಟಲಲ್ಲಿ ಇಳಿಯುತ್ತದೆಯೇ? ಯಾರನ್ನೂ ಕೆಟ್ಟವರೆನ್ನಬೇಕಾಗಿಲ್ಲ. ಮನೆಯೂಟದ ನಿಯಮವೇ ಅದು.

ಶಾಲೆಯದೂ ಇದೇ ಕಥೆ. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಹೇಳಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮುಂದೆ ನಮ್ಮ ಹೈಸ್ಕೂಲಿಗೂ ಬಂತು. ವರ್ಷಗಟ್ಟಲೆ ಆ ಸಾಲಿನ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಸಾಲಿನಲ್ಲಿ ಹುಡುಗಿಗೂ ಹುಡುಗನಿಗೂ ಒಂದೇ ಸೌಟು. ಹುಡುಗಿ ತಟ್ಟೆ ಹಿಡಿದು ಎರಡನೆಯ ಸಲ ಬಂದರೆ “ಇಷ್ಟು ಯಾಕೆ ತಿಂತೀಯೇ” ಎನ್ನುವವರು ಯಾರೂ ಇಲ್ಲ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ನನಗೆ ಹೇಳಿದ್ದಳು, “ಮಿಸ್, ಇಲ್ಲಿ ಅನ್ನ ಬಿಸಿ ಇರ್ತೈತಿ.” ಮನೆಯಲ್ಲಿ ಅವಳ ಪಾಲಿಗೆ ಬಿಸಿ ಇರುತ್ತಿರಲಿಲ್ಲ ಎಂದು ಅರ್ಥ ಮಾಡಿಕೊಳ್ಳಲು ನನಗೆ ಒಂದು ಕ್ಷಣ ಬೇಕಾಯಿತು. 2020ರ ಮಾರ್ಚ್ 18ರಂದೇ ಸುಪ್ರೀಂ ಕೋರ್ಟು ತಾನಾಗಿ ಈ ವಿಷಯ ಕೈಗೆತ್ತಿಕೊಂಡು, ಶಾಲೆ ಮುಚ್ಚಿದರೆ ಮಕ್ಕಳ ಊಟದ ಗತಿ ಏನೆಂದು ರಾಜ್ಯಗಳನ್ನು ಕೇಳಿತು. ಅಕ್ಕಿ ಬೇಳೆ ಕೊಟ್ಟರು. ಬಿಸಿಯೂಟ ಮಾತ್ರ ಸುಮಾರು ಒಂದೂವರೆ ವರ್ಷ ನಿಂತಿತು, 2021ರ ಅಕ್ಟೋಬರ್‌ವರೆಗೆ. ಆ ಅಡುಗೆಯವರು, ತಿಂಗಳಿಗೆ ಮೂರು ಸಾವಿರ ಮುಟ್ಟದ ಗೌರವಧನಕ್ಕೆ ಬೇಯಿಸುತ್ತಿದ್ದ ಹೆಂಗಸರು, ಅವರ ಮಾತು ಹಾಗಿರಲಿ. ಆ ಹುಡುಗಿಯಂಥವರು ಒಂದೂವರೆ ವರ್ಷ ‘ಮನೆಯೂಟಕ್ಕೆ ಮರಳಿದರು’. ಇದನ್ನು ಉಪಕಾರ ಎನ್ನುವವರ ಬಾಯಿಗೆ ಏನು ಹೇಳುವುದು?

ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ರೊಟ್ಟಿ ಅಕ್ಕ ಇದ್ದಾಳೆ. ಈ ಕಡೆಯ ಊರುಗಳಲ್ಲೆಲ್ಲ ಇಂಥವರಿದ್ದಾರೆ, ನಿಮ್ಮ ಊರಲ್ಲೂ ಇರಬಹುದು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ರೂಮು ಮಾಡಿಕೊಂಡ ಹುಡುಗರಿಗೆ ಕೊಡುತ್ತಾರೆ. ಬೆಳಿಗ್ಗೆ ನಾಲ್ಕಕ್ಕೆ ಟಪಟಪ ಸದ್ದು ಶುರು. ದಿನಕ್ಕೆ ಇನ್ನೂರು ರೊಟ್ಟಿ. ಗಂಡ ಬಿಟ್ಟುಹೋದ ಮೇಲೆ ಇದೇ ರೊಟ್ಟಿಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದಳು. ಖಾನಾವಳಿ ಎಂದರೂ ಎಷ್ಟೋ ಕಡೆ ಹೆಂಗಸರೇ ನಡೆಸುವಂಥವು: ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು, ಹಿಂದೆ ಒಲೆ. ಮಾರ್ಚ್ 25ರಿಂದ ಆ ಟಪಟಪ ನಿಂತಿತು. ಖಾನಾವಳಿ ಮುಚ್ಚಿತ್ತು, ಹುಡುಗರು ಊರಿಗೆ ಹೋಗಿದ್ದರು. ಮೂರನೆಯ ವಾರಕ್ಕೆ ಅವಳು ನಮ್ಮ ಗೇಟಿನ ಆಚೆ ನಿಂತು, “ಟೀಚರ್, ದಿನಕ್ಕೆ ಇಪ್ಪತ್ತು ರೊಟ್ಟಿ ತಗೋತೀರೇನ್ರಿ?” ಎಂದಳು. ನಮ್ಮ ಮನೆಯಲ್ಲಿ ಅದಕ್ಕೊಂದು ಸಭೆಯೇ ಆಯಿತು. ಹೊರಗಿನವರ ಕೈ, ಈ ಕಾಲದಲ್ಲಿ ಬೇಡ ಎಂದರು ಯಜಮಾನರು. ಕಿರಾಣಿ ಅಂಗಡಿಯ ಬೇಳೆ ಯಾರ ಕೈ ಮುಟ್ಟದೆ ಬರುತ್ತದೆ ಎಂದು ಕೇಳಿದೆ. ಹಾಲಿನ ಪ್ಯಾಕೆಟ್ಟು? ಮೇ 4ಕ್ಕೆ ಮದ್ಯದಂಗಡಿ ತೆರೆದಾಗ ಮೈಲುದ್ದ ಸಾಲು ನಿಂತವರನ್ನು ಟೀವಿಯಲ್ಲಿ ನೋಡಿ ನಕ್ಕ ನಮ್ಮ ಮನೆಯ ಗಂಡಸರಿಗೆ, ಕಾದ ಹೆಂಚಿನಿಂದ ಇಳಿದ ರೊಟ್ಟಿಯ ಭಯ! ರೊಟ್ಟಿ ತೆಗೆದುಕೊಂಡೆ. ಒಂದೊಂದನ್ನೂ ಬೆಂಕಿಯ ಮೇಲೆ ಮತ್ತೊಮ್ಮೆ ಕಾಯಿಸಿ ಬಡಿಸಿದೆ. ಇಪ್ಪತ್ತು ರೊಟ್ಟಿ ಬಡಿಯುವ ಒಂದು ಗಂಟೆ ನನಗೂ ಸೊಸೆಗೂ ಉಳಿಯಿತು. ಅವಳ ಮನೆಯಲ್ಲಿ ಒಲೆ ಉರಿಯಿತು, ಅದು ಹೊಟ್ಟೆ ತುಂಬುವಷ್ಟಲ್ಲ, ಆದರೂ ಉರಿಯಿತು.

ಮನೆಯೂಟದ ಮಹಾತ್ಮೆ ಹಾಡುವವರು ಮರೆಯುವುದು ಇವಳನ್ನು. ಹೊರಗಿನ ಊಟವೂ ಯಾವಳೋ ಒಬ್ಬಳ ಮನೆಯೂಟವೇ, ಒಂದೇ ವ್ಯತ್ಯಾಸ, ಅದಕ್ಕೆ ದುಡ್ಡು ಸಿಗುತ್ತದೆ. ದುಡ್ಡು ಕೊಟ್ಟರೆ ಅದು ಹೊಲಸು, ಬಿಟ್ಟಿ ಮಾಡಿದರೆ ಅದು ಸಂಸ್ಕೃತಿ. ಈ ನ್ಯಾಯವನ್ನು ಕಂಡುಹಿಡಿದವರು ಯಾರೋ!

ಮತ್ತೆ ಎಲ್ಲರ ಮನೆಯೂಟವೂ ಫೋಟೋ ತೆಗೆಯುವಂಥದ್ದಾಗಿರಲಿಲ್ಲ. ಏಪ್ರಿಲಿನಿಂದ ಕೇಂದ್ರ ಸರ್ಕಾರ ತಲೆಗೆ 5 ಕೆ.ಜಿ. ಧಾನ್ಯ, ಮನೆಗೊಂದು ಕೆ.ಜಿ. ಬೇಳೆ ಬಿಟ್ಟಿ ಕೊಟ್ಟಿತು. ಕೊಟ್ಟದ್ದು ಎಷ್ಟೋ ಜೀವ ಉಳಿಸಿತು. ಆದರೆ ನಮ್ಮ ಪಾತ್ರೆ ತೊಳೆಯುವವಳ ಮನೆಯಲ್ಲಿ ಆ ಬೇಳೆ ಹತ್ತು ದಿನಕ್ಕೆ ಮುಗಿಯಿತು. ಆಮೇಲೆ ಅನ್ನ, ಹುಣಸೆಹಣ್ಣಿನ ತಿಳಿಸಾರು, ಮಕ್ಕಳಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಆ ಮೂರು ತಿಂಗಳಲ್ಲಿ ಪಾರ್ಲೆ-ಜಿ ಬಿಸ್ಕತ್ತು ತನ್ನ ಎಂಟು ದಶಕದ ಚರಿತ್ರೆಯಲ್ಲೇ ಕಾಣದಷ್ಟು ಖರ್ಚಾಯಿತೆಂದು ಕಂಪನಿಯವರೇ ಹೇಳಿಕೊಂಡರು. ಜನ ಅಜ್ಜಿಯ ಅಡುಗೆಗೆ ಮರಳಿದರೆ ಆ ಬಿಸ್ಕತ್ತನ್ನು ತಿಂದವರು ಯಾರು? ಕೋಲಾರದ ಕಡೆ ಟೊಮೆಟೊ ಹೊಲದಲ್ಲೇ ಕೊಳೆಯುತ್ತಿತ್ತು, ಇವಳ ಸಾರಿಗೆ ಟೊಮೆಟೊ ಇರಲಿಲ್ಲ.

ಒಳ್ಳೆಯದು ಏನೂ ಆಗಲಿಲ್ಲವೇ ಎಂದರೆ, ಆಯಿತು. ಬೆಂಗಳೂರಿನ ರೂಮಿನಲ್ಲಿ ಸಿಕ್ಕಿಬಿದ್ದ ನನ್ನ ತಂಗಿಯ ಮಗ ದಿನಾ ರಾತ್ರಿ ಫೋನು ಮಾಡಿ, “ದೊಡ್ಡಮ್ಮಾ, ಸಾರಿಗೆ ಹುಳಿ ಎಷ್ಟು?” ಎಂದು ಕೇಳಿ ಕೇಳಿ ಅಡುಗೆ ಕಲಿತ. ಇಂದಿಗೂ ಮಾಡುತ್ತಾನೆ, ಪಾತ್ರೆಯನ್ನೂ ತೊಳೆಯುತ್ತಾನೆ. ಯಾಕೆ ಕಲಿತ ಎಂದರೆ ಆ ರೂಮಿನಲ್ಲಿ ತಾಯಿ ಇರಲಿಲ್ಲ, ಹೆಂಡತಿ ಇರಲಿಲ್ಲ. ನಮ್ಮ ಮನೆಯಲ್ಲಿದ್ದ ಹುಡುಗ ಅದೇ 68 ದಿನದಲ್ಲಿ ಡಲ್ಗೋನಾ ಒಂದನ್ನೇ ಕಲಿತು ಹೋದ. ಎರಡಕ್ಕೂ ಅದೇ ಲಾಕ್‌ಡೌನು. ಹಸಿವಿನಿಂದ ಊರೂರು ಹೊಸ ಅಡುಗೆ ಕಲಿಯುವುದೇನೂ ಹೊಸದಲ್ಲ. ಎರಡನೆಯ ಮಹಾಯುದ್ಧದ ಅಕ್ಕಿಯ ಬರದಲ್ಲಿ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಅಡುಗೆ ಬದಲಾಗುವುದು ಸುಲಭ. ಮಾಡುವ ಕೈ ಬದಲಾಗುವುದೇ ಕಷ್ಟ.

2020ರ ಜೂನ್ 8ಕ್ಕೆ ಹೋಟೆಲಿನಲ್ಲಿ ಕೂತು ತಿನ್ನಲು ಅನುಮತಿ ಸಿಕ್ಕಿತು. ಆ ವಾರವೇ ನಮ್ಮ ಯಜಮಾನರು ಬೆಣ್ಣೆ ದೋಸೆಗೆ ಹೊರಟರು. ಅಷ್ಟು ದಿನ ಮನೆಯಲ್ಲಿ ಮಂಡಕ್ಕಿ ನೆನೆಹಾಕಿ ಅಕ್ಕಿಯ ಜೊತೆ ರುಬ್ಬಿ ಅದೇ ದೋಸೆ ಮಾಡಿಸಿಕೊಂಡು, “ಇದರ ಮುಂದೆ ಹೋಟೆಲಿಂದು ಏನೂ ಇಲ್ಲ” ಎಂದು ಸರ್ಟಿಫಿಕೇಟು ಕೊಟ್ಟವರು. ನನಗೇನೂ ಬೇಸರವಾಗಲಿಲ್ಲ. ಅಂದು ಬೆಳಿಗ್ಗೆ ಹನ್ನೊಂದರವರೆಗೆ ಅಡುಗೆ ಮನೆಯ ದೀಪ ಹಚ್ಚಲಿಲ್ಲ. ಮುಂದಿನ ವರ್ಷ 2021ರ ಬೇಸಿಗೆಯಲ್ಲಿ ಮತ್ತೆ ಮುಚ್ಚಿತು, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಸಾಮಾನು. ಆ ಸಲ ಯಾರೂ ಫೋಟೋ ತೆಗೆಯಲಿಲ್ಲ. ಅಷ್ಟು ಸಾವಿನ ನಡುವೆ ಅಡುಗೆಯ ಉತ್ಸಾಹ ಯಾರಿಗಿತ್ತು. ಹೊಗಳಿಕೆಯೂ ಇರಲಿಲ್ಲ, ಫೋಟೋವೂ ಇರಲಿಲ್ಲ, ಸೋಂಕು ತಗುಲಿ ಕೋಣೆ ಸೇರಿದವರ ಬಾಗಿಲಿಗೆ ಹೊತ್ತು ಹೊತ್ತಿಗೆ ತಟ್ಟೆ ಮಾತ್ರ ಹೋಗುತ್ತಿತ್ತು. ಆ ತಟ್ಟೆ ಇಡುವವಳಿಗೇ ಜ್ವರ ಬಂದ ಮನೆಗಳಲ್ಲಿ ಏನಾಯಿತೆಂದು ನಿಮಗೆ ಗೊತ್ತಿದ್ದೀತು. ನಮ್ಮ ಎದುರು ಮನೆಯಾಕೆ ಜ್ವರದಲ್ಲೇ ಬೇರೆ ಒಲೆ ಹೂಡಿಕೊಂಡು ತನ್ನ ಗಂಜಿ ತಾನೇ ಕಾಯಿಸಿಕೊಂಡಳು.

ಕೊರೋನಾ ನಿಜವಾಗಿ ನಮ್ಮ ಪದ್ಧತಿ ಬದಲಿಸಿದ್ದರೆ ಅದು ಲೆಕ್ಕದಲ್ಲಿ ಕಾಣಬೇಕು. ಅದೇ ಕಚೇರಿ ಅದೇ ಸಮೀಕ್ಷೆಯನ್ನು 2024ರಲ್ಲಿ ಮತ್ತೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು 289 ನಿಮಿಷ, ಗಂಡಸರು 88 ನಿಮಿಷ. ಕೈ ಹಾಕುವ ಗಂಡಸರು ನೂರಕ್ಕೆ ಒಬ್ಬರಷ್ಟು ಹೆಚ್ಚಿದರು, ಹಾಕಿದವರು ಮೊದಲಿಗಿಂತ ಒಂಬತ್ತು ನಿಮಿಷ ಮುಂಚೆ ಕೈ ತೊಳೆದುಕೊಂಡರು. ನಮಗೆ ಉಳಿದ ಹತ್ತು ನಿಮಿಷ ಅವರು ಹೊತ್ತುಕೊಂಡದ್ದಲ್ಲ. ಮಿಕ್ಸಿಯೋ ಕುಕ್ಕರೋ, ಓಣಿಯ ಕೊನೆಯ ರೊಟ್ಟಿ ಅಕ್ಕನೋ ಉಳಿಸಿದ್ದಿರಬೇಕು.

ಆದ್ದರಿಂದ ಮುಂದೆ ಇಂಥದೊಂದು ಕಾಲ ಬಂದರೆ, ಬಾರದಿರಲಿ, ಮೊದಲು ಆರುವುದು ಮತ್ತು ಕೊನೆಗೆ ಹೊತ್ತುವುದು ಅಂಗನವಾಡಿಯ, ಶಾಲೆಯ ಒಲೆ ಆಗಕೂಡದು. ಪೊಲೀಸರಿಗೆ, ಬ್ಯಾಂಕಿನವರಿಗೆ ಪಾಸು ಕೊಟ್ಟ ಹಾಗೆ ರೊಟ್ಟಿ ಬಡಿಯುವವಳಿಗೂ ಖಾನಾವಳಿಯವಳಿಗೂ ಕೊಡಲಿ, ಬುತ್ತಿ ಕಟ್ಟಿ ಮನೆಮನೆಗೆ ಕಳಿಸಲಿ, ನಾವು ದುಡ್ಡು ಕೊಟ್ಟು ತಗೊಳ್ಳೋಣ. ಸ್ವಚ್ಛತೆಯ ನಿಯಮ ಎಷ್ಟು ಬೇಕಾದರೂ ಮಾಡಲಿ. ಮಹಿಳಾ ಸಮಾಜದವರು ಲಾಕ್‌ಡೌನ್ ರುಚಿ ಎಂದು ಅಡುಗೆ ಸ್ಪರ್ಧೆ ಇಡುವ ಬದಲು ಈ ಅರ್ಜಿ ಬರೆಯಲಿ. ನಾನು ಸಹಿ ಹಾಕುತ್ತೇನೆ, ಬೇಕಾದರೆ ಕಾಗುಣಿತವನ್ನೂ ತಿದ್ದಿಕೊಡುತ್ತೇನೆ.

ನಮ್ಮ ಮನೆಗೆ ರೊಟ್ಟಿ ಈಗಲೂ ಹೊರಗಿನಿಂದಲೇ ಬರುತ್ತದೆ. ಸಂಜೆ ಏಳಕ್ಕೆ ರೊಟ್ಟಿ ಅಕ್ಕನ ಚಿಕ್ಕ ಮಗಳು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದುಕೊಡುತ್ತಾಳೆ. ಬಳಗದವರು ಬಂದಾಗ “ನೀವೂ ಹೊರಗಿಂದ ತರಿಸ್ತೀರಾ?” ಎಂದು ಹುಬ್ಬೇರಿಸುತ್ತಾರೆ. ಈ ಮಾತಿಗೆ ಉತ್ತರ ಕೊಡುವುದು ನಾನಲ್ಲ, ನಮ್ಮ ಅತ್ತೆ. ಈಗ ಹಲ್ಲಿಲ್ಲ, ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನೆನೆಸಿಕೊಂಡು, ಎಲ್ಲರಿಗಿಂತ ಮೊದಲು, ಕುರ್ಚಿಯ ಮೇಲೆ ಕೂತು ಉಣ್ಣುತ್ತಾರೆ. “ನನ್ನ ಕೈಯ್ಯಾಗೂ ಇಷ್ಟು ತೆಳ್ಳಗೆ ಬರ್ತಿರಲಿಲ್ಲ ಬಿಡವ್ವಾ. ಆ ಹುಡುಗಿಗೆ ಹೇಳು, ನಾಳೆ ಎರಡು ಹೆಚ್ಚಿಗೆ ತರ್ಲಿ.”